ಸೇವಂತಿಗೆಗೊಂದು ರಟ್ಟಿನ ಡಬ್ಬ

ಎರಡು ವರ್ಷದ ಹಿಂದೆ ನಮ್ಮ ಮೈಸೂರಿನ ಮನೆಯಲ್ಲಿ ಎರಡು ಸೇವಂತಿಗೆ ಪಾಟ್‌ಗಳಿದ್ದವು. ಎರಡೂ ಒಂದೇ ತಾಯಿ ಗಿಡದ ಬುಡದಲ್ಲಿ ಎದ್ದ ಮರಿಗಳು. ಅದೇ ಕೆಂಪು ಮಣ್ಣು, ಅದೇ ಕೊಟ್ಟಿಗೆ ಗೊಬ್ಬರ, ಅದೇ ಚೊಂಬಿನ ನೀರು. ಹಿತ್ತಲಿನಲ್ಲಿ ಒಗೆಯುವ ಕಲ್ಲಿನ ಪಕ್ಕ ಇಟ್ಟಿದ್ದ ಗಿಡ ದೀಪಾವಳಿ ಕಳೆಯುವ ಹೊತ್ತಿಗೆ ಹಳದಿ ಹೂವಿನ ಭಾರಕ್ಕೆ ಬಾಗಿತ್ತು. ಗೇಟಿನ ಪಕ್ಕದ್ದು ಸೊಂಟದೆತ್ತರ ಬೆಳೆದು, ಕಡುಹಸಿರಾಗಿ, ಒಂದು ಮೊಗ್ಗೂ ಇಲ್ಲದೆ ಆರಾಮಾಗಿ ನಿಂತಿತ್ತು. ಗೊಬ್ಬರದ ಅಂಗಡಿಯವರು ಏನೋ ಪುಡಿಯ ಪೊಟ್ಟಣ ಕೊಟ್ಟರು. ಹಾಕಿದೆ, ಎಲೆ ಇನ್ನೂ ದಪ್ಪವಾಯಿತು. ಎದುರು ಮನೆ ಅಜ್ಜಿ, "ದೃಷ್ಟಿ ತಗುಲಿದೆ ಕಣಮ್ಮಾ, ರಸ್ತೆಗೆ ಕಾಣೋ ಹಾಗೆ ಇಡ್ತಾರಾ?" ಎಂದರು.

ಅಜ್ಜಿ ಹೇಳಿದ್ದು ಹತ್ತಿರ ಹತ್ತಿರ ಸರಿ. ಬಿದ್ದಿದ್ದು ಬೀದಿದೀಪದ ದೃಷ್ಟಿ. ಆ ವರ್ಷವೇ ನಮ್ಮ ಗೇಟಿನ ಮುಂದಿನ ಕಂಬಕ್ಕೆ ಹೊಸ ಎಲ್‌ಇಡಿ ದೀಪ ಹಾಕಿದ್ದರು. ರಾತ್ರಿ ಅದರ ಕೆಳಗೆ ಪೇಪರ್ ಓದಬಹುದು, ಅಷ್ಟು ಬೆಳಕು.

ಈಗ ಕಾಲ ಯಾವುದು ಅಂತ ಗಿಡಕ್ಕೆ ಗೊತ್ತಾಗುವುದು ಹೇಗೆ? ಸೆಕೆ, ಚಳಿ ನೋಡಿಕೊಂಡು ಇರಬೇಕು ಅಂತ ನಾನು ತುಂಬಾ ವರ್ಷ ಅಂದುಕೊಂಡಿದ್ದೆ. ಆದರೆ ಹವೆಯನ್ನು ನಂಬಿಕೊಂಡರೆ ಆಗುತ್ತಾ? ಒಂದು ವರ್ಷ ನವೆಂಬರ್ ಇಡೀ ಜಿಟಿಜಿಟಿ ಮಳೆ, ಇನ್ನೊಂದು ವರ್ಷ ಜನವರಿಯಲ್ಲೇ ಬಿಸಿಲು ಚುರುಗುಟ್ಟುತ್ತದೆ. ವರ್ಷವೂ ತಪ್ಪದೆ ಒಂದೇ ಲೆಕ್ಕದಲ್ಲಿ ಬರುವುದು ಹಗಲು-ರಾತ್ರಿಯ ಉದ್ದ ಮಾತ್ರ. ಸೇವಂತಿಗೆಯಂಥ ಗಿಡಗಳು ಹಿಡಿದುಕೊಂಡಿರುವುದು ಅದನ್ನೇ.

ಇದು ತಿಳಿದಿದ್ದು ಒಂದು ಹೊಗೆಸೊಪ್ಪಿನ ಗಿಡದಿಂದ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಹತ್ತಿರ 'ಮೇರಿಲ್ಯಾಂಡ್ ಮ್ಯಾಮತ್' ಎಂಬ ತಳಿ ಇತ್ತು. ಬೇಸಿಗೆಯಲ್ಲಿ ಹೊಲದಲ್ಲಿ ಆಳೆತ್ತರ ಮೀರಿ ಬೆಳೆಯುತ್ತಿತ್ತು, ಹೂ ಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಬೆಳೆಸಿದರೆ ಗಿಡ್ಡ ಇರುವಾಗಲೇ ಹೂ. ಕೊನೆಗೆ ಅವರು ಬೇಸಿಗೆಯಲ್ಲೇ ಕೆಲವು ಗಿಡಗಳನ್ನು ಸಂಜೆಯಾಗುವ ಮೊದಲೇ ಕತ್ತಲೆ ಗೂಡಿಗೆ ತಳ್ಳತೊಡಗಿದರು. ಅವು ಹೂ ಬಿಟ್ಟವು. 1920ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆಮೇಲೆ 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇನ್ನೊಂದು ಗುಟ್ಟು ಬಿಡಿಸಿದರು. ಬಟ್ಟೆಗೆ ಅಂಟುವ ಮುಳ್ಳುಕಾಯಿಯ ಒಂದು ಕಳೆ ಗಿಡವನ್ನು ಹಿಡಿದು ನೋಡಿದರೆ, ಅದು ಅಳೆಯುತ್ತಿದ್ದದ್ದು ಹಗಲನ್ನಲ್ಲ, ರಾತ್ರಿಯನ್ನು! ಉದ್ದ ರಾತ್ರಿಯ ನಡುವೆ ಕೆಲವೇ ನಿಮಿಷ ದೀಪ ಹಚ್ಚಿದರೂ ಅದಕ್ಕೆ ಆ ರಾತ್ರಿ ಲೆಕ್ಕಕ್ಕಿಲ್ಲ. ಎಲೆಯಲ್ಲಿ ಫೈಟೋಕ್ರೋಮ್ ಎಂಬ ಬಣ್ಣದ ವಸ್ತು ಇದೆ. ಕೆಂಪು ಬೆಳಕು ಬಿದ್ದಾಗ ಅದು ಒಂದು ರೂಪಕ್ಕೆ ತಿರುಗುತ್ತದೆ, ಕತ್ತಲಲ್ಲಿ ಮೆಲ್ಲಗೆ ಹಿಂದಿನ ರೂಪಕ್ಕೆ ಮರಳುತ್ತದೆ. ನಮ್ಮ ಕಣ್ಣಿಗೆ ಬೆಳ್ಳಗೆ ಕಾಣುವ ಎಲ್‌ಇಡಿಯಲ್ಲೂ ಕೆಂಪು ಬೆರೆತಿರುತ್ತದೆ. ಗೇಟಿನ ಗಿಡಕ್ಕೆ ರಾತ್ರಿ ಆಗಿಯೇ ಇರಲಿಲ್ಲ.

ರಷ್ಯಾದಲ್ಲಿ ಚೈಲಖ್ಯಾನ್ ಎಂಬ ವಿಜ್ಞಾನಿ ಇದೇ ಹೊತ್ತಿಗೆ ಸೇವಂತಿಗೆಯನ್ನೇ ಪ್ರಯೋಗಕ್ಕೆ ತೆಗೆದುಕೊಂಡಿದ್ದರು. ಗಿಡದ ಮೇಲರ್ಧದ ಎಲೆ ಕಿತ್ತುಹಾಕಿ, ಕೆಳಗಿನ ಎಲೆಗಳಿಗಷ್ಟೇ ಉದ್ದ ರಾತ್ರಿ ಸಿಗುವ ಹಾಗೆ ಮಾಡಿದರು. ಹೂ ಬಂದಿದ್ದು ಮೇಲಿನ ಬೋಳು ತುದಿಯಲ್ಲಿ. ಕತ್ತಲನ್ನು ನೋಡುವುದು ಎಲೆ, ಹೂ ಕಟ್ಟುವುದು ತುದಿ. ಹಾಗಾದರೆ ನಡುವೆ ಏನೋ ಸುದ್ದಿ ಹೋಗುತ್ತಿರಬೇಕು ಅಲ್ವಾ? ಆ ಕಾಣದ ವಸ್ತುವಿಗೆ ಅವರು ಫ್ಲೋರಿಜೆನ್ ಎಂದು ಹೆಸರಿಟ್ಟರು. ಅದು ಒಂದು ಪುಟ್ಟ ಪ್ರೋಟೀನ್ ಎಂದು ಭತ್ತದಂಥ ಗಿಡಗಳಲ್ಲಿ ಖಚಿತವಾಗಿದ್ದು 2007ರಲ್ಲಿ. ಎಪ್ಪತ್ತು ವರ್ಷ ಹೆಸರು ಮಾತ್ರ ಇತ್ತು, ಆಸಾಮಿ ಸಿಕ್ಕಿರಲಿಲ್ಲ.

ಮೈಸೂರಿನಲ್ಲಿ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್ ಕೊನೆಯದು ಸುಮಾರು 11 ಗಂಟೆ 25 ನಿಮಿಷ. ಒಂದೂವರೆ ಗಂಟೆಯೂ ವ್ಯತ್ಯಾಸವಿಲ್ಲ. ಅಷ್ಟರಲ್ಲೇ ಗಿಡಕ್ಕೆ ಅರ್ಥವಾಗಬೇಕು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದರೆ ಹೊಲದ ತುಂಬ ಸಾಲು ಸಾಲು ಬಲ್ಬ್ ಉರಿಯುವುದು ಕಾಣುತ್ತದೆ. ಜಾತ್ರೆ ಏನಲ್ಲ, ಸೇವಂತಿಗೆ ಬೆಳೆ. ಗಿಡ ಮೊಳಕಾಲುದ್ದ ಆಗುವ ಮೊದಲೇ ಮೊಗ್ಗು ಬಿಟ್ಟರೆ ರೈತರಿಗೆ ನಷ್ಟ. ಅದಕ್ಕೇ ಮೊದಲ ಕೆಲವು ವಾರ ಬಲ್ಬ್ ಹಾಕಿ ಅದರ ನಿದ್ದೆ ಕೆಡಿಸುತ್ತಾರೆ. ಅವರು ದುಡ್ಡು ಕೊಟ್ಟು ಮಾಡುವ ಕೆಲಸ ನಮ್ಮ ಗೇಟಿನಲ್ಲಿ ಪುಕ್ಕಟೆ ಆಗುತ್ತಿತ್ತು.

ಇದು ತಲೆಗೆ ಹೋದ ಮೇಲೆ ನಾನು ಗೊಬ್ಬರದ ಚಿಂತೆ ಕಡಿಮೆ ಮಾಡಿದೆ. ಹೂ ಬಿಡದ ಗಿಡವನ್ನು ನೋಡಿದಾಗ ಮೊದಲು ಕೇಳಿಕೊಳ್ಳುವುದು, ಇದು ಯಾವುದಕ್ಕೆ ಕಾಯುತ್ತಿದೆ ಅಂತ.

ತೋಟದ ವರ್ಷ ಶುರುವಾಗುವುದು ಮುಂಗಾರಿನಿಂದ. ಮೃಗಶಿರಾ, ಆರಿದ್ರಾ ಮಳೆಯಲ್ಲಿ ನೆಟ್ಟ ಕಡ್ಡಿ ಹಿಡಿಯುತ್ತದೆ ಎಂದು ಹಳಬರು ಹೇಳುವುದು ಸುಮ್ನೆ ಅಲ್ಲ. ಕಡ್ಡಿಗೆ ಬೇರಿಲ್ಲ, ಎಲೆಯಿಂದ ನೀರು ಹೋಗುತ್ತಲೇ ಇರುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಆ ಸೋರಿಕೆ ನಿಧಾನವಾಗಿ, ಬೇರು ಬಿಡಲು ಪುರಸೊತ್ತು ಸಿಗುತ್ತದೆ. ದಾಸವಾಳದ ಕಡ್ಡಿಯನ್ನು ಗೆಣ್ಣಿನ ಸ್ವಲ್ಪ ಕೆಳಗೆ ಓರೆಯಾಗಿ ಕತ್ತರಿಸಿ, ಎರಡೇ ಎಲೆ ಉಳಿಸಿ ನೆಟ್ಟರೆ ಸಾಕು. ಏಪ್ರಿಲ್‌ನಲ್ಲಿ ಇದೇ ಕೆಲಸ ಮಾಡಿ ನೋಡಿ, ಮೂರೇ ದಿನಕ್ಕೆ ಸೌದೆ.

ಡೇರೆ ನೆಡುವುದೂ ಆಗಲೇ. ಈ ಹೂವಿನ ವಿಷಯದಲ್ಲಿ ನನಗೆ ಒಂದು ಅವಮಾನದ ಕತೆ ಇದೆ. ಸಾಗರದ ಕಡೆಯ ನನ್ನ ತವರಿನಲ್ಲಿ ಅಟ್ಟದ ಮೇಲೆ ಡೇರೆ ಗೆಡ್ಡೆ ಹರವಿಟ್ಟಿದ್ದರು. ಅದರಲ್ಲಿ ಒಳ್ಳೆ ದಪ್ಪದಪ್ಪನೆಯ ಗೆಡ್ಡೆಗಳನ್ನು ಬುಡದಿಂದ ಮುರಿದು ಚೀಲಕ್ಕೆ ಹಾಕಿಕೊಂಡು ಬಂದೆ. ಒಂದೂ ಮೊಳೆಯಲಿಲ್ಲ. ಫೋನ್ ಮಾಡಿದರೆ ಅತ್ತಿಗೆ ನಕ್ಕರು: "ಕುತ್ತಿಗೆ ಇಲ್ದೆ ಬರೀ ಹೊಟ್ಟೆ ತಗೊಂಡು ಹೋದ್ರೆ ಹೆಂಗೆ ಹುಟ್ತದೆ?" ಆಲೂಗೆಡ್ಡೆ ಊದಿದ ಕಾಂಡ, ಅದರ ಮೈಮೇಲೆಲ್ಲ ಕಣ್ಣುಗಳಿರುತ್ತವೆ. ಡೇರೆ ಗೆಡ್ಡೆ ಊದಿದ ಬೇರು. ಅದರಲ್ಲಿ ಕಣ್ಣೇ ಇಲ್ಲ. ಮೊಳಕೆ ಬರುವುದು ಹಳೆ ಕಾಂಡಕ್ಕೆ ಅಂಟಿಕೊಂಡಿರುವ ಕುತ್ತಿಗೆಯಿಂದ. ಆ ತುಂಡು ಒಂದಿಷ್ಟಾದರೂ ಇರಲೇಬೇಕು. ಡೇರೆ ಮೂಲದಲ್ಲಿ ಮೆಕ್ಸಿಕೊದ ಎತ್ತರದ ಗುಡ್ಡಗಳ ಗಿಡ. 1963ರಿಂದ ಅವರ ರಾಷ್ಟ್ರೀಯ ಹೂ ಕೂಡ. ಅಲ್ಲೂ ಮಳೆ ಬರುವುದು ಜೂನ್ ಆಸುಪಾಸಿನಲ್ಲೇ, ಒಣಗಾಲದಲ್ಲಿ ಗೆಡ್ಡೆ ಮಣ್ಣೊಳಗೆ ಮಲಗಿರುತ್ತದೆ. ಮಲೆನಾಡಿನ ಅಂಗಳ ಅದಕ್ಕೆ ತವರಿನ ಹಾಗೆ ಕಂಡಿದ್ದರಲ್ಲಿ ಏನು ಆಶ್ಚರ್ಯ?

ನಾವು ಬ್ರಹ್ಮಕಮಲ ಎನ್ನುವ ಗಿಡವೂ ಮೆಕ್ಸಿಕೊ ಕಡೆಯದೇ. ಹಿಮಾಲಯದ ಬ್ರಹ್ಮಕಮಲಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಕಳ್ಳಿ ಜಾತಿ. ಎಲೆ ಎಂದು ನಾವು ಮಣ್ಣಿಗೆ ಚುಚ್ಚುವುದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಅದಕ್ಕೇ ಅದರ ಅಂಚಿನಲ್ಲಿ ಮೊಗ್ಗು ಮೂಡುವುದು. ರಾತ್ರಿ ಹತ್ತಕ್ಕೆ ಅಕ್ಕಪಕ್ಕದವರನ್ನು ಕರೆದು ಕಾಫಿ ಕೊಡುವ ನೆಪಕ್ಕಾದರೂ ಒಂದು ಗಿಡ ಇರಲಿ.

ಮಳೆಗಾಲದಲ್ಲಿ ಪಾಟಿನ ಗಿಡ ಸಾಯುವುದು ಜಾಸ್ತಿ ನೀರಿನಿಂದಲ್ಲ, ಉಸಿರು ಕಟ್ಟಿ. ಬೇರಿಗೂ ಆಮ್ಲಜನಕ ಬೇಕು, ಮಣ್ಣಿನ ಸಂದಿಯಲ್ಲೆಲ್ಲ ನೀರು ನಿಂತರೆ ಗಾಳಿಗೆ ಜಾಗವಿಲ್ಲ. ಗಿಡ ಬಾಡಿದಂತೆ ಕಾಣುತ್ತದೆ, ನಾವು ಪಾಪ ಅಂತ ಇನ್ನೊಂದು ಚೊಂಬು ಹಾಕುತ್ತೇವೆ. ತಳದ ತೂತು ಕಟ್ಟಿದೆಯಾ ನೋಡಿ, ಅಷ್ಟೇ.

ದಸರಾಕ್ಕೆ ಚೆಂಡು ಹೂ ಬೇಕಾದರೆ ಬೀಜ ಹಾಕುವುದಕ್ಕೆ ಎರಡೂವರೆ ತಿಂಗಳು ಹಿಂದಕ್ಕೆ ಎಣಿಸಬೇಕು. ಬೀಜ ಕೊಳ್ಳಬೇಕಿಲ್ಲ, ಹೋದ ಹಬ್ಬದ ಒಣಗಿದ ಹಾರ ಇದ್ದರೆ ಆಯಿತು. ಒಂದು ಒಣ ಹೂವನ್ನು ಸೀಳಿ ನೋಡಿ: ಒಳಗೆ ಸೂಜಿಯಂಥ ಕಪ್ಪು ಕಡ್ಡಿ, ಅದರ ತಲೆಯಲ್ಲಿ ಹುಲ್ಲಿನ ಬಣ್ಣದ ಕುಚ್ಚು. ಆ ಒಂದೊಂದು ಕಡ್ಡಿಯೂ ಒಂದೊಂದು ಹೂವಿನ ಕೂಸು. ಯಾಕೆಂದರೆ ಚೆಂಡು ಹೂ ಒಂದು ಹೂವಲ್ಲ, ಒಂದು ಊರು. ಸೇವಂತಿಗೆ, ಡೇರೆ, ಸೂರ್ಯಕಾಂತಿ ಎಲ್ಲ ಅದೇ ಮನೆತನ. ತಾಜಾ ಸೇವಂತಿಗೆಯ ಒಂದು ಎಸಳನ್ನು ಮೆಲ್ಲಗೆ ಎಳೆದು ಬುಡವನ್ನು ಭೂತಗನ್ನಡಿಯಲ್ಲಿ ನೋಡಿದರೆ ಹಾವಿನ ನಾಲಗೆಯ ಹಾಗೆ ಸೀಳಿದ ಎಳೆಯೊಂದು ಇಣುಕುತ್ತದೆ. ಅದು ಶಲಾಕೆಯ, ಅಂದರೆ ಹೂವಿನ ಹೆಣ್ಣು ಭಾಗದ ತುದಿ. ಎಸಳು ಅಂದುಕೊಂಡದ್ದೇ ಒಂದು ಪೂರ್ತಿ ಹೂ. ನನ್ನ ಮಗಳು ಇದನ್ನು ನೋಡಿದ ದಿನ ದೇವರಿಗೆ ಒಂದೇ ಒಂದು ಎಸಳು ಇಟ್ಟು "ಹೂ ಇಟ್ಟಾಯ್ತು" ಎಂದಳು. ವಾದಕ್ಕೆ ಉತ್ತರ ಇರಲಿಲ್ಲ.

ಚಳಿಗಾಲದ ಮುಖ್ಯ ಕೆಲಸ ಮಲ್ಲಿಗೆಗೆ ಕತ್ತರಿ ಹಾಕುವುದು. ಕೈ ನಡುಗುತ್ತದೆ, ನಿಜ. ಆದರೆ ಮಲ್ಲಿಗೆ ಮೊಗ್ಗು ಕಟ್ಟುವುದು ಹೊಸ ಚಿಗುರಿನ ತುದಿಯಲ್ಲಿ. ಕೊಂಬೆಯ ತುದಿಯಿಂದ ಆಕ್ಸಿನ್ ಎಂಬ ಹಾರ್ಮೋನು ಕೆಳಗಿಳಿಯುತ್ತಾ ಪಕ್ಕದ ಕಣ್ಣುಗಳನ್ನು ಏಳಗೊಡದೆ ಇಡುತ್ತದೆ, ಹಿರಿಯಣ್ಣನ ದರ್ಬಾರಿನ ಹಾಗೆ. ತುದಿ ಹೋದರೆ ದರ್ಬಾರು ಮುಗಿಯಿತು. ಒಂದು ಕೊಂಬೆ ಇದ್ದಲ್ಲಿ ಮೂರು ನಾಲ್ಕು ಚಿಗುರು, ಅಷ್ಟೇ ಹೆಚ್ಚು ಮೊಗ್ಗು. ನಾನು ಡಿಸೆಂಬರಿನಲ್ಲಿ ಸವರಿ, ಕೆಲವು ವಾರ ನೀರು ಬಿಗಿ ಹಿಡಿದು, ಆಮೇಲೆ ಗೊಬ್ಬರ ಹಾಕಿ ಧಾರಾಳ ನೀರು ಕೊಡುತ್ತೇನೆ. ಯುಗಾದಿ ಹೊತ್ತಿಗೆ ಹೂ.

ಬಿಸಿಲು ಏರಿದಷ್ಟೂ ಮಲ್ಲಿಗೆಗೆ ಖುಷಿ. ಸಂಜೆ ಅರಳುವುದು, ಬೆಳ್ಳಗಿರುವುದು, ಘಮಘಮಿಸುವುದು ಎಲ್ಲ ರಾತ್ರಿ ಹಾರುವ ಪತಂಗಗಳಿಗೆ ಬರೆದ ಕಾಗದ. ಮೊಗ್ಗು ಕಿತ್ತ ಮೇಲೂ ಅದು ಅರಳುತ್ತಾ ಹೊಸದಾಗಿ ಪರಿಮಳ ತಯಾರಿಸುತ್ತಲೇ ಇರುತ್ತದೆ. ನಾವು ಮೊಗ್ಗನ್ನೇ ಕಟ್ಟಿ ಮುಡಿಯುವುದಕ್ಕೆ ಇದೇ ಆಧಾರ. ಆ ಪರಿಮಳದಲ್ಲಿ ಇಂಡೋಲ್ ಎಂಬ ವಸ್ತುವೂ ಒಂದು ಪಾಲು. ಅದೇ ಇಂಡೋಲ್ ಮಲದ ವಾಸನೆಯಲ್ಲೂ ಇರುತ್ತದೆ. ಮುಡಿದುಕೊಂಡಾಗ ಇದನ್ನು ನೆನೆಸಿಕೊಳ್ಳದಿರುವುದು ಒಳ್ಳೆಯದು.

ಗೇಟಿನ ಸೇವಂತಿಗೆಯ ವಿಷಯ ಬಾಕಿ ಉಳಿಯಿತು. ಪಾಟನ್ನು ಹಿತ್ತಲಿಗೆ ಸಾಗಿಸಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಕಳೆದ ವರ್ಷ ನನಗೂ ಪರೀಕ್ಷೆ ಮಾಡುವ ಹುಚ್ಚು ಹತ್ತಿತು. ಅಕ್ಟೋಬರ್ ಕೊನೆಯಿಂದ ದಿನಾ ಸಂಜೆ ಆರಕ್ಕೆ ವಾಷಿಂಗ್ ಮಷಿನ್ ಬಂದಿದ್ದ ರಟ್ಟಿನ ಡಬ್ಬವನ್ನು ಗಿಡದ ಮೇಲೆ ಕವುಚುವುದು, ಬೆಳಿಗ್ಗೆ ಹಾಲು ತರುವಾಗ ತೆಗೆಯುವುದು. "ಇದೇನಮ್ಮಾ?" ಎಂದರು ಎದುರು ಮನೆ ಅಜ್ಜಿ. "ದೀಪದ ದೃಷ್ಟಿ ತೆಗೀತಿದ್ದೀನಿ ಅಜ್ಜಿ" ಎಂದೆ. ನಾಲ್ಕನೇ ವಾರ ತುದಿಯ ಎಲೆ ಬಿಡಿಸಿದರೆ ಕಾಳುಮೆಣಸಿಗಿಂತ ಸಣ್ಣ ಹಸಿರು ಗುಂಡು. ಮೊದಲ ಹೂ ಬಿರಿದಿದ್ದು ಸಂಕ್ರಾಂತಿಗೆ ಎರಡು ದಿನ ಮುಂಚೆ. ಹಿತ್ತಲಿನ ಗಿಡ ಅಷ್ಟೊತ್ತಿಗೆ ಹೂ ಮುಗಿಸಿ, ಬುಡದಲ್ಲಿ ಮರಿ ಎಬ್ಬಿಸುತ್ತಿತ್ತು.