ಬೆಂಬಲ ಬೆಲೆಗಿಂತ ಕಡಿಮೆಗೆ ಕೊಂಡರೆ ಅಪರಾಧ ಅಲ್ವಾ?

ಓದುಗರ ಪ್ರಶ್ನೆ: ಸರ್ಕಾರ ತೊಗರಿಗೆ ಕ್ವಿಂಟಾಲಿಗೆ 8000 ರೂಪಾಯಿ ಅಂತ ಘೋಷಿಸಿದೆ. ಕಲಬುರಗಿ ಗಂಜಿನಲ್ಲಿ (ಎಪಿಎಂಸಿ ಮಾರುಕಟ್ಟೆಯಲ್ಲಿ) ಸಾವಿರ ರೂಪಾಯಿ ಕಡಿಮೆಗೆ ಕೇಳುತ್ತಾರೆ. ಇದು ಅಪರಾಧ ಅಲ್ವಾ? ಯಾರಿಗೆ ದೂರು ಕೊಡಬೇಕು?

ಎಳ್ಳ ಅಮಾವಾಸ್ಯೆ ಬಂತು ಅಂದರೆ ಈ ಪ್ರಶ್ನೆಯೂ ಬಂತು ಅಂತಲೇ ಲೆಕ್ಕ. ಹೊಲದಲ್ಲಿ ಚರಗ ಚೆಲ್ಲಿ ಬಂದವರು ಭಜ್ಜಿ, ರೊಟ್ಟಿ ಅರಗುವ ಮೊದಲೇ ಫೋನ್ ಹಚ್ಚುತ್ತಾರೆ. ಹೋದ ವರ್ಷ ಹೇಳಿದ್ದನ್ನೇ ಈ ವರ್ಷವೂ ಹೇಳುತ್ತೇನೆ. ಅಪರಾಧ ಅಲ್ಲ. 2025-26ಕ್ಕೆ ತೊಗರಿಯ ಬೆಂಬಲ ಬೆಲೆ 8000 ಅನ್ನೋದು ನಿಜ. ಅಡತಿ (ದಲಾಲಿ) ಅಂಗಡಿಯಲ್ಲಿ ಕೊಳ್ಳುವವರ ಟೆಂಡರ್ ಅದಕ್ಕಿಂತ ಕಡಿಮೆಗೆ ಬಿದ್ದರೆ ಯಾವ ಪೊಲೀಸರೂ ಬರುವುದಿಲ್ಲ. ದರ ಒಪ್ಪಿಗೆ ಆಗದಿದ್ದರೆ ಮಾಲು ಕೊಡದೆ ವಾಪಸ್ ತರುವ ಹಕ್ಕು ನಿಮಗಿದೆ, ಅಷ್ಟೇ.

ಇಷ್ಟು ಹೇಳಿದ ಕೂಡಲೇ ಆ ಕಡೆಯಿಂದ ಸಿಟ್ಟಿನ ದನಿ ಬರುತ್ತದೆ. "ಹಂಗ್ಯಾಂಗ್ರೀ, ಸರ್ಕಾರನೇ ಹೇಳ್ಯದಲ್ಲ!"

ಹೇಳಿದೆ ನಿಜ. ಯಾರಿಗೆ ಹೇಳಿದೆ ಅನ್ನೋದನ್ನು ನೋಡಿ. ಈ ತಪ್ಪು ತಿಳಿವಳಿಕೆಗೆ ಬಿಸ್ಕತ್ ಪ್ಯಾಕೆಟ್ಟೇ ಕಾರಣ ಅಂತ ನನ್ನ ಅನುಮಾನ. ಪ್ಯಾಕೆಟ್ ಮೇಲೆ ಎಮ್‌ಆರ್‌ಪಿ ಅಂತ ಒಂದು ದರ ಇರುತ್ತದೆ. ಅದಕ್ಕಿಂತ ಒಂದು ರೂಪಾಯಿ ಜಾಸ್ತಿ ತಗೊಂಡರೂ ಅಂಗಡಿಯವನ ಮೇಲೆ ಕೇಸ್ ಹಾಕಬಹುದು. ಬೆಂಬಲ ಬೆಲೆಯ ಇಂಗ್ಲಿಷ್ ಹೆಸರಲ್ಲಿ ಒಂದೇ ಅಕ್ಷರದ ವ್ಯತ್ಯಾಸ, ಎಮ್‌ಎಸ್‌ಪಿ. ಅದೂ ಹಾಗೆಯೇ ಅಂದುಕೊಂಡುಬಿಟ್ಟಿದ್ದೇವೆ. ಎಮ್‌ಆರ್‌ಪಿ ಅಂಗಡಿಯವನನ್ನು ಕಟ್ಟಿಹಾಕುತ್ತದೆ. ಎಮ್‌ಎಸ್‌ಪಿ ಯಾವ ವ್ಯಾಪಾರಿಯನ್ನೂ ಕಟ್ಟುವುದಿಲ್ಲ. "ನಾವು ಕೊಂಡರೆ ಈ ದರಕ್ಕೆ ಕೊಳ್ಳುತ್ತೇವೆ" ಅಂತ ಸರ್ಕಾರ ತನ್ನ ಬಗ್ಗೆ ತಾನು ಹೇಳಿಕೊಂಡ ಮಾತು ಅದು. ಆ "ಕೊಂಡರೆ" ಅನ್ನುವ ಪದ ಪೇಪರಿನ ಹೆಡ್ಡಿಂಗಿನಲ್ಲಿ ಬರುವುದಿಲ್ಲ.

ಇನ್ನೂ ನಂಬಿಕೆ ಬರಲಿಲ್ಲವಾ? ದೆಹಲಿ ಗಡಿಯಲ್ಲಿ ರೈತರು 2020ರ ನವೆಂಬರಿನಿಂದ ಒಂದು ವರ್ಷಕ್ಕೂ ಜಾಸ್ತಿ ಕಾಲ ಕೂತಿದ್ದರು. ಕೇಂದ್ರ ಸರ್ಕಾರದ ಮೂರು ಕೃಷಿ ಕಾಯ್ದೆ ವಾಪಸ್ ತಗೊಳ್ಳಿ ಅನ್ನೋದರ ಜೊತೆಗೆ ಅವರು ಕೇಳಿದ್ದು, ಬೆಂಬಲ ಬೆಲೆಗೆ ಕಾನೂನು ಮಾಡಿ ಅಂತ. ಮೊದಲೇ ಕಾನೂನು ಇದ್ದಿದ್ದರೆ ಅಷ್ಟು ಚಳಿಯಲ್ಲಿ ಕೂತು ಕೇಳುತ್ತಿದ್ದರಾ? ಪಕ್ಕದ ಮಹಾರಾಷ್ಟ್ರ 2018ರಲ್ಲಿ, ಕಡಿಮೆಗೆ ಕೊಂಡ ವ್ಯಾಪಾರಿಗೆ ಜೈಲು ಅಂತ ಹೊರಟಿತ್ತು. ವ್ಯಾಪಾರಿಗಳು ಖರೀದಿಯನ್ನೇ ನಿಲ್ಲಿಸಿದರು, ಸರ್ಕಾರ ಹಿಂದೆ ಸರಿಯಿತು. ರಾಶಿ ಮಾಡಿ ತಂದ ಮಾಲು ಇಟ್ಟುಕೊಂಡು ಕಾಯಬೇಕಾದವರು ಮಾತ್ರ ರೈತರು.

ಹಾಗಾದರೆ ಈ 8000 ಸುಳ್ಳು ಭರವಸೆಯಾ? ಅದೂ ಅಲ್ಲ. ಖರೀದಿ ಕೇಂದ್ರದಲ್ಲಿ ತೂಕ ಆದರೆ ಅಷ್ಟು ಕೊಡುತ್ತಾರೆ. ಒಮ್ಮೊಮ್ಮೆ ಜಾಸ್ತಿಯೂ ಸಿಕ್ಕಿದೆ. 2017ರ ಶುರುವಿನಲ್ಲಿ ದರ ಬಿದ್ದಾಗ ಕೇಂದ್ರ ಸರ್ಕಾರದ 5050ಕ್ಕೆ ರಾಜ್ಯ 450 ಸೇರಿಸಿ 5500 ಮಾಡಿತ್ತು. 2025ರ ಜನವರಿಯಲ್ಲೂ 7550ಕ್ಕೆ 450 ಸೇರಿಸಿ 8000 ಕೊಟ್ಟಿತು. ಕಷ್ಟ ಇರುವುದು ತೂಕದ ಕಾಟಾದ ತನಕ ಮುಟ್ಟುವುದರಲ್ಲಿ. ಮೊದಲು ಹೆಸರು ನೋಂದಾಯಿಸಬೇಕು. ಫ್ರೂಟ್ಸ್ ಐಡಿಯಲ್ಲಿ (ರೈತರ ಸರ್ಕಾರಿ ನೋಂದಣಿ ಸಂಖ್ಯೆಯಲ್ಲಿ) ಹೊಲದ ಲೆಕ್ಕ ಸರಿ ಇರಬೇಕು. ಎಕರೆಗೆ ಇಷ್ಟು, ಒಬ್ಬ ರೈತನಿಂದ ಇಷ್ಟೇ ಅಂತ ಮಿತಿ ಬೇರೆ. ಎಲ್ಲ ಆದ ಮೇಲೆ ತೇವಾಂಶದ ಮೀಟರ್. ಶೇ 12 ದಾಟಬಾರದು.

ನನ್ನ ತಮ್ಮ ಒಂದು ವರ್ಷ ಇಪ್ಪತ್ತು ಚೀಲ ಒಯ್ದಿದ್ದ. ಮೀಟರ್ 13 ತೋರಿಸಿತು. ಕೇಂದ್ರದ ಎದುರಿಗೇ ತಾಡಪತ್ರಿ ಹಾಸಿ, ಚೀಲ ಬಿಚ್ಚಿ ಸುರುವಿ, ಮಧ್ಯಾಹ್ನ ಎಲ್ಲ ಕಾಲಲ್ಲಿ ಕೆದರುತ್ತ ಒಣಗಿಸಿದ. ಸಂಜೆ ಮೀಟರ್ ಸರಿಯಾಗಿ 12ಕ್ಕೆ ಬಂತು. ಅಷ್ಟೊತ್ತಿಗೆ ತೂಕ ಮಾಡುವವರು ಕಾಟಾ ಎತ್ತಿಟ್ಟಿದ್ದರು. ಮರುದಿನ ಖಾಲಿ ಚೀಲ ಮುಗಿದಿವೆ ಅಂದರು. ಅವನು ಸೀದಾ ಗಂಜಿಗೆ ಹೋದ. ಬಿತ್ತನೆ ಹೊತ್ತಿಗೆ ಬೀಜ, ಗೊಬ್ಬರಕ್ಕೆ ಕೈಗಡ ಕೊಟ್ಟಿದ್ದ ಅಡತಿಯವರ ಅಂಗಡಿ ಅಲ್ಲೇ ಇತ್ತು. ರೊಕ್ಕ ಅವತ್ತೇ ಸಿಕ್ಕಿತು. ಕೇಂದ್ರಕ್ಕೆ ಹಾಕಿದ್ದರೆ ಖಾತೆಗೆ ಯಾವಾಗ ಬರುತ್ತದೆ ಅಂತ ವಾರಗಟ್ಟಲೆ ಮೊಬೈಲ್ ನೋಡುತ್ತ ಕೂರಬೇಕಿತ್ತು. ಕಡಿಮೆ ದರಕ್ಕೆ ಮಾರಿದವನನ್ನು ದಡ್ಡ ಅನ್ನುವ ಮೊದಲು ಇದು ನೆನಪಿರಲಿ.

ದೂರು ಕೊಡಲೇಬೇಕು ಅನ್ನಿಸಿದರೆ ಅದಕ್ಕೂ ಜಾಗ ಇದೆ. ನಮ್ಮ ರಾಜ್ಯದಲ್ಲಿ ದಲಾಲಿ ಕೊಡಬೇಕಾದವನು ಕೊಳ್ಳುವವನು, ರೈತ ಅಲ್ಲ. ಮಾಲು ಮಾರಿದಾಗ ಕೊಟ್ಟ ಲೆಕ್ಕದ ಪಟ್ಟಿಯಲ್ಲಿ ಕಮಿಷನ್ ಹಿಡಿದಿದ್ದರೆ, ತೂಕದಲ್ಲಿ ಸುಮ್ನೆ ಒಂದೆರಡು ಕಿಲೋ ಕಡಿದಿದ್ದರೆ, ಆ ಪಟ್ಟಿ ಹಿಡಿದು ಎಪಿಎಂಸಿ ಕಾರ್ಯದರ್ಶಿ ಹತ್ತಿರ ಹೋಗಿ. ಅದು ನಿಜವಾದ ತಪ್ಪು. ಅದನ್ನು ಮಾತ್ರ ಯಾರೂ ನನಗೆ ಕೇಳುವುದಿಲ್ಲ!

ಸರ್ಕಾರ ಮಾತಿಗೆ ತಪ್ಪಿದೆಯಾ ಅಂತ ಅಳೆಯಬೇಕು ಅಂದರೆ 8000 ಅನ್ನುವ ಅಂಕಿಯನ್ನು ಬಿಡಿ. 2025ರ ಕೇಂದ್ರ ಬಜೆಟ್ಟಿನಲ್ಲಿ ಹೇಳಿದ್ದನ್ನು ಹಿಡಿಯಿರಿ. ತೊಗರಿ, ಉದ್ದು, ಮಸೂರ ಈ ಮೂರನ್ನು ಸರ್ಕಾರದ ಪರವಾಗಿ ಖರೀದಿ ಮಾಡುವ ನಾಫೆಡ್ ಮತ್ತು ಎನ್‌ಸಿಸಿಎಫ್ ಮುಂದಿನ ನಾಲ್ಕು ವರ್ಷ, ನೋಂದಾಯಿಸಿದ ರೈತರು ತಂದಷ್ಟೂ ಕೊಳ್ಳುತ್ತವೆ ಅಂತ ಅಲ್ಲಿ ಹೇಳಿದ್ದಾರೆ. "ತಂದಷ್ಟೂ." ಇದು ಅಳತೆಗೆ ಸಿಗುವ ಮಾತು. ಖರೀದಿ ಕೇಂದ್ರ ಎಷ್ಟು ದಿನ ತೆರೆದಿತ್ತು, ಎಷ್ಟು ಚೀಲ ವಾಪಸ್ ಕಳಿಸಿದರು, ಬರೆದಿಟ್ಟುಕೊಳ್ಳಿ. ಜೊತೆಗೆ ಇನ್ನೊಂದು ಕಡೆಯೂ ಕಣ್ಣಿಡಿ. 2021ರ ಮೇನಿಂದ ಹೊರದೇಶದ ತೊಗರಿಗೆ ಬಾಗಿಲು ತೆರೆದೇ ಇಟ್ಟಿದ್ದಾರೆ. ಮೊಜಾಂಬಿಕ್ ಜೊತೆ 2016ರಲ್ಲೇ ಒಪ್ಪಂದ ಆಗಿದ್ದು, ಅದು ವರ್ಷಕ್ಕೆ 2 ಲಕ್ಷ ಟನ್ ತನಕ ಹೋಯಿತು. ಪಟ್ಟಣದವರಿಗೆ ಬೇಳೆ ಸೋವಿ ಸಿಗಬೇಕು, ನಮಗೆ ತೊಗರಿ ದರ ಏರಬೇಕು. ಎರಡೂ ಭರವಸೆ ಕೊಟ್ಟವರು ಒಬ್ಬರೇ. 2019ರಲ್ಲಿ ಗುಲ್ಬರ್ಗ ತೊಗರಿ ಬೇಳೆಗೆ ಜಿಐ ಟ್ಯಾಗ್ (ಊರಿನ ಹೆಸರಿನ ಅಧಿಕೃತ ಗುರುತು) ಬಂದಾಗ ನಾನೂ ಖುಷಿಪಟ್ಟವನೇ. ಆದರೆ ಟೆಂಡರ್ ಹಾಕುವವನು ಟ್ಯಾಗ್ ನೋಡುವುದಿಲ್ಲ, ಬಂದರಿಗೆ ಹಡಗು ಬಂತಾ ಅಂತ ನೋಡುತ್ತಾನೆ.

"ಹಂಗಾದ್ರ ಕಾನೂನು ಮಾಡಿದ್ರ ಎಲ್ಲ ಸರಿ ಹೋಗ್ತದ" ಅಂತ ಈಗ ಅನ್ನುತ್ತೀರಿ. ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕಾನೂನು ಇರುವ ಬೆಳೆಯೂ ಒಂದಿದೆ, ಕಬ್ಬು. ಬೀದರ್, ಆಳಂದ, ಅಫಜಲಪುರ ಕಡೆಯವರಿಗೆ ಗೊತ್ತು. ಅದರ ದರಕ್ಕೆ ಎಫ್‌ಆರ್‌ಪಿ ಅಂತಾರೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಾರ್ಖಾನೆ ಅದಕ್ಕಿಂತ ಕಡಿಮೆ ಕೊಡುವ ಹಾಗಿಲ್ಲ. 14 ದಿನದೊಳಗೆ ಹಣ ಕೊಡಬೇಕು. ತಡ ಆದರೆ ವರ್ಷಕ್ಕೆ ಶೇ 15ರ ಬಡ್ಡಿ. ತೊಗರಿಗೆ ನಾವು ಕನಸಿನಲ್ಲಿ ಕೇಳುವುದೆಲ್ಲ ಕಬ್ಬಿಗೆ ಬರವಣಿಗೆಯಲ್ಲೇ ಇದೆ.

ಬೀದರ್ ಕಡೆ ನಮ್ಮ ಮಾವ ಒಬ್ಬರಿದ್ದಾರೆ. ಕಬ್ಬಿನ ಬಿಲ್ ಬಾರದೆ ಮೂರು ತಿಂಗಳಾದಾಗ ಈ ಆದೇಶದ ಪ್ರಿಂಟ್ ನಾನೇ ತೆಗೆದುಕೊಟ್ಟೆ. 14 ದಿನ ಅನ್ನುವ ಸಾಲಿಗೆ ಕೆಂಪು ಗೆರೆ ಎಳೆದುಕೊಂಡು ಕಾರ್ಖಾನೆ ಆಫೀಸಿಗೆ ಹೋದರು. ಅಲ್ಲಿನ ಗುಮಾಸ್ತ ಪೂರ್ತಿ ಓದಿ, ಚಹಾ ತರಿಸಿ, "ಕಾಕಾ, ಇದರದ್ದು ಒಂದು ಝೆರಾಕ್ಸ್ ನಮಗೂ ಕೊಡ್ರಿ" ಅಂದನಂತೆ. ರೊಕ್ಕ ಎಂಟನೇ ತಿಂಗಳಿಗೆ ಬಂತು, ಬಡ್ಡಿ ಬಿಟ್ಟು.