ಅಯಾನು ಬಿಡುವ ಫಿಲ್ಲಿಂಗ್ ಅಂದರೇನು?

ಹುಳುಕು ಹಲ್ಲನ್ನು ಕೊರೆದು ಸ್ವಚ್ಛ ಮಾಡಿ, ಆ ಗುಂಡಿಗೆ ತುಂಬುವ ವಸ್ತುವೇ ಫಿಲ್ಲಿಂಗ್. ಹೆಚ್ಚಿನ ಫಿಲ್ಲಿಂಗ್‌ಗಳು ಸುಮ್ನೆ ಜಾಗ ತುಂಬಿ ಕೂರುತ್ತವೆ. ಕೆಲವು ಮಾತ್ರ ಫ್ಲೋರೈಡ್, ಕ್ಯಾಲ್ಸಿಯಂ, ಸ್ಟ್ರಾನ್ಷಿಯಂನಂಥ ಅಯಾನುಗಳನ್ನು (ವಿದ್ಯುದಂಶ ಹೊತ್ತ ಪುಟ್ಟ ಕಣಗಳನ್ನು) ಪಕ್ಕದ ಹಲ್ಲಿಗೂ ಎಂಜಲಿಗೂ ನಿಧಾನವಾಗಿ ಬಿಡುತ್ತಾ, ಬ್ಯಾಕ್ಟೀರಿಯಾಗಳ ಬೆಳವಣಿಗೆಗೆ ಅಡ್ಡಗಾಲು ಹಾಕುತ್ತವೆ. ಇವನ್ನೇ ಅಯಾನು ಬಿಡುವ ಫಿಲ್ಲಿಂಗ್ ಅನ್ನುವುದು.

ಇದು ಯಾಕೆ ಬೇಕಾಯಿತು? ಫಿಲ್ಲಿಂಗ್ ಕೆಡುವುದು ಹೆಚ್ಚಾಗಿ ಅಂಚಿನಲ್ಲಿ. ಕಾಂಪೊಸಿಟ್ ಎಂಬ ಹಲ್ಲಿನ ಬಣ್ಣದ ಫಿಲ್ಲಿಂಗ್ ಗಟ್ಟಿಯಾಗುವಾಗ ಶೇ. 2–3ರಷ್ಟು ಕುಗ್ಗುತ್ತದೆ. ಇದರಿಂದ ಹಲ್ಲಿಗೂ ಫಿಲ್ಲಿಂಗ್‌ಗೂ ನಡುವೆ ಕಣ್ಣಿಗೆ ಕಾಣದ ಸಂದು ಬೀಳಬಹುದು. ಹುಳುಕು ತರುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಬ್ಯಾಕ್ಟೀರಿಯಾದ ಅಗಲ ಒಂದು ಮೈಕ್ರಾನಿಗಿಂತ ಕಡಿಮೆ. ಅದಕ್ಕೆ ಆ ಸಂದೇ ಧಾರಾಳ. ಒಳಗೆ ಕೂತು, ಸಕ್ಕರೆ ತಿಂದು, ಆಮ್ಲ ಬಿಡುತ್ತದೆ. ಪಿಎಚ್ ಅಂದರೆ ಆಮ್ಲ, ಕ್ಷಾರದ ಅಳತೆ; ಅದು ಇಳಿದಷ್ಟೂ ಆಮ್ಲ ಜಾಸ್ತಿ. ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಹೊರಗಿನ ಗಟ್ಟಿ ಪದರವಾದ ಎನಾಮಲ್ ಕರಗತೊಡಗುತ್ತದೆ. ಹಾಕಿದ ಫಿಲ್ಲಿಂಗ್ ಪಕ್ಕದಲ್ಲೇ ಮತ್ತೆ ಹುಳುಕು!

ಈ ಗುಂಪಿನಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು ಗ್ಲಾಸ್ ಅಯನೋಮರ್ ಸಿಮೆಂಟ್. ದಂತವೈದ್ಯರು ಚಿಕ್ಕದಾಗಿ ಜಿಐಸಿ ಅನ್ನುತ್ತಾರೆ. ಬ್ರಿಟನ್ನಿನ ವಿಜ್ಞಾನಿಗಳಾದ ಅಲನ್ ವಿಲ್ಸನ್ ಮತ್ತು ಬ್ರಯನ್ ಕೆಂಟ್ 1972ರಲ್ಲಿ ಇದರ ಬಗ್ಗೆ ಬರೆದರು. ನುಣ್ಣಗಿನ ಗಾಜಿನ ಪುಡಿಯನ್ನು ಪಾಲಿಅಕ್ರಿಲಿಕ್ ಆಮ್ಲದ ಜೊತೆ ಕಲಸುತ್ತಾರೆ. ಆಮ್ಲ ಗಾಜಿನ ಕಣಗಳ ಮೇಲ್ಮೈಯನ್ನು ಕರಗಿಸುತ್ತದೆ. ಹೊರಬಂದ ಕ್ಯಾಲ್ಸಿಯಂ, ಅಲ್ಯೂಮಿನಿಯಂ ಅಯಾನುಗಳು ಆಮ್ಲದ ಉದ್ದುದ್ದ ಸರಪಳಿಗಳನ್ನು ಒಂದಕ್ಕೊಂದು ಕಟ್ಟಿಹಾಕಿ ಸಿಮೆಂಟನ್ನು ಗಟ್ಟಿ ಮಾಡುತ್ತವೆ. ಆ ಕಟ್ಟಿಗೆ ಫ್ಲೋರೈಡ್ ಆಧಾರವಲ್ಲ. ಹಾಗಾಗಿ ಅದು ಹೊರಟುಹೋದರೂ ಸಿಮೆಂಟ್ ಪುಡಿಯಾಗುವುದಿಲ್ಲ. ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವ ಸಂಗತಿ ಇದು.

ಕಲಸಿದ ಮುದ್ದೆಯನ್ನು ಹತ್ತಿರದಿಂದ ನೋಡಿದರೆ ಮೊದಲು ಒದ್ದೆಯಾಗಿ ಹೊಳೆಯುತ್ತಿರುತ್ತದೆ. ಆ ಹೊಳಪು ಇರುವಷ್ಟರಲ್ಲೇ ಹಲ್ಲಿಗೆ ತುಂಬಿಬಿಡಬೇಕು. ಹೊಳಪು ಮಾಸಿತು ಅಂದರೆ ಹಲ್ಲನ್ನು ಹಿಡಿದುಕೊಳ್ಳಬೇಕಿದ್ದ ಆಮ್ಲದ ಅಂಶ ಆಗಲೇ ಖರ್ಚಾಗಿದೆ ಅಂತ ಅರ್ಥ.

ಇನ್ನು ಫ್ಲೋರೈಡ್ ಬ್ಯಾಕ್ಟೀರಿಯಾಕ್ಕೆ ಏನು ಮಾಡುತ್ತದೆ? ಸುತ್ತಲೂ ಆಮ್ಲ ಜಾಸ್ತಿಯಾದಾಗ ಫ್ಲೋರೈಡ್ ಹೈಡ್ರೋಜನ್ ಜೊತೆ ಸೇರಿ ಹೈಡ್ರೋಜನ್ ಫ್ಲೋರೈಡ್ ಆಗುತ್ತದೆ. ಇದಕ್ಕೆ ವಿದ್ಯುದಂಶ ಇಲ್ಲದ ಕಾರಣ ಜೀವಕೋಶದ ಪೊರೆಯನ್ನು ಸಲೀಸಾಗಿ ದಾಟುತ್ತದೆ. ಒಳಗೆ ಹೋಗಿ ಮತ್ತೆ ಬೇರೆಯಾಗುತ್ತದೆ. ಆಗ ಕೋಶದ ಒಳಗೂ ಆಮ್ಲ ಏರುತ್ತದೆ, ಸಕ್ಕರೆ ಅರಗಿಸುವ ಎನೊಲೇಸ್ ಅನ್ನುವ ಕಿಣ್ವವೂ ಕುಂಟುತ್ತದೆ. ಅಂದರೆ ಬ್ಯಾಕ್ಟೀರಿಯಾ ಬಿಟ್ಟ ಆಮ್ಲವೇ ಫ್ಲೋರೈಡಿಗೆ ಬಾಗಿಲು ತೆರೆದುಕೊಡುತ್ತದೆ. ಇತ್ತ ಪಕ್ಕದ ಹಲ್ಲಿಗೆ ಸೇರಿದ ಫ್ಲೋರೈಡ್ ಅದನ್ನು ಆಮ್ಲಕ್ಕೆ ಅಷ್ಟು ಬೇಗ ಕರಗದಂತೆ ಮಾಡುತ್ತದೆ.

ಬೇರೆ ಬಗೆಗಳೂ ಇವೆ. ಜಯೋಮರ್ ಎಂಬ ವಸ್ತುವಿನಲ್ಲಿರುವ ಗಾಜಿನ ಕಣಗಳು ಫ್ಲೋರೈಡ್, ಬೋರೇಟ್ ಸೇರಿ ಆರು ಬಗೆಯ ಅಯಾನು ಬಿಡುತ್ತವೆ. ಆಳದ ಗುಂಡಿಯ ತಳಕ್ಕೆ ಹಚ್ಚುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನ ಪಿಎಚ್ ಸುಮಾರು 12. ಅಷ್ಟು ಕ್ಷಾರದಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾ ಬದುಕುವುದಿಲ್ಲ.

ಆದರೆ ಒಂದು ಮಾತು ಬಿಡಿಸಿ ಹೇಳಲೇಬೇಕು. ಜಿಐಸಿ ಮೊದಲ ಒಂದೆರಡು ದಿನ ಫ್ಲೋರೈಡನ್ನು ಜೋರಾಗಿ ಬಿಡುತ್ತದೆ. ಆಮೇಲೆ ಕೆಲವೇ ವಾರಗಳಲ್ಲಿ ಪ್ರಮಾಣ ಇಳಿದು, ಅಷ್ಟಿಷ್ಟು ಮಾತ್ರ ವರ್ಷಗಟ್ಟಲೆ ಉಳಿಯುತ್ತದೆ. ಅಷ್ಟು ಕಡಿಮೆ ಪ್ರಮಾಣ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಅದರ ಓಟವನ್ನು ತಗ್ಗಿಸುತ್ತದೆ ಅಷ್ಟೇ. ಪ್ರಯೋಗಾಲಯದ ತಟ್ಟೆಯಲ್ಲಿ ಕಂಡಷ್ಟು ಫಲ ಬಾಯಲ್ಲೂ ಸಿಗುತ್ತದೆ ಅಂತ ನಂಬಬೇಡಿ. ಸಮಾಧಾನದ ವಿಷಯ ಅಂದರೆ, ಫ್ಲೋರೈಡ್ ಪೇಸ್ಟಿನಲ್ಲಿ ಹಲ್ಲುಜ್ಜಿದಾಗ ಈ ಸಿಮೆಂಟ್ ಸ್ವಲ್ಪ ಫ್ಲೋರೈಡನ್ನು ಮತ್ತೆ ಹೀರಿಕೊಂಡು, ಆಮೇಲೆ ಬಿಡುತ್ತದೆ.

ಜಿಐಸಿಗೆ ಗಟ್ಟಿತನ ಸಾಲದು. ಜೋರಾಗಿ ಅಗಿಯುವ ದವಡೆ ಹಲ್ಲಿನಲ್ಲಿ ದೊಡ್ಡ ಗುಂಡಿಗೆ ತುಂಬಿದರೆ ಸವೆಯುತ್ತದೆ, ಮುರಿಯುತ್ತದೆ. ಹಾಲುಹಲ್ಲಿಗೆ, ಒಸಡಿನ ಹತ್ತಿರದ ಬೇರಿನ ಭಾಗಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ತಲೆ, ಕುತ್ತಿಗೆಯ ಕ್ಯಾನ್ಸರಿಗೆ ರೇಡಿಯೇಷನ್ ಪಡೆದು ಬಾಯಿ ಒಣಗಿದವರಲ್ಲಿ ಹುಳುಕು ಬಹಳ ಬೇಗ ಹರಡುತ್ತದೆ. ಅಂಥವರ ಪೈಕಿ ಫ್ಲೋರೈಡನ್ನು ಬೇರೆ ರೀತಿಯಲ್ಲಿ ಸರಿಯಾಗಿ ಬಳಸದವರಲ್ಲಿ, ಜಿಐಸಿ ತಾನು ಸವೆದರೂ ಅಂಚಿನ ಹಲ್ಲಿಗೆ ಹೊಸ ಹುಳುಕು ಹಿಡಿಯದಂತೆ ಕಾಂಪೊಸಿಟ್‌ಗಿಂತ ಚೆನ್ನಾಗಿ ಕಾಪಾಡಿದ್ದನ್ನು ಅಧ್ಯಯನಗಳು ಕಂಡಿವೆ.