ನ್ಯೂರೋಸಿಫಿಲಿಸ್: ವಿಡಿಆರ್‌ಎಲ್ ನೆಗೆಟಿವ್ ಬಂದರೆ ಮುಗೀತಾ?

ಲೈಂಗಿಕ ಸೋಂಕುಗಳು ನರಮಂಡಲಕ್ಕೆ ಕೊಡುವ ಕಾಟದಲ್ಲಿ ನನಗೆ ತಲೆನೋವಾಗಿದ್ದು ಸಿಫಿಲಿಸ್ ಒಂದೇ. ಉಳಿದದ್ದು ಎರಡೇ ಸಾಲು. ಮೆನಿಂಜೈಟಿಸ್ (ಮೆದುಳಿನ ಪೊರೆಯ ಉರಿಯೂತ) ಮತ್ತೆ ಮತ್ತೆ ಬಂದು ತಾನಾಗೇ ವಾಸಿಯಾಗುತ್ತಿದ್ದರೆ ಹರ್ಪಿಸ್ ವೈರಸ್ ಎಚ್‌ಎಸ್‌ವಿ-2 ನೆನಪಾಗಬೇಕು. ಎಚ್‌ಐವಿಯಲ್ಲಿ ಸಿಡಿ4 (ಸೋಂಕಿನ ವಿರುದ್ಧ ಹೋರಾಡುವ ಬಿಳಿ ಕಣ) ಎಣಿಕೆ 100ಕ್ಕಿಂತ ಕೆಳಗಿಳಿದರೆ ಕ್ರಿಪ್ಟೋಕಾಕಸ್ ಅನ್ನುವ ಶಿಲೀಂಧ್ರ, ಟಾಕ್ಸೋಪ್ಲಾಸ್ಮಾ ಅನ್ನುವ ಪರಾವಲಂಬಿ.

ನ್ಯೂರೋಸಿಫಿಲಿಸ್, ಅಂದರೆ ನರಮಂಡಲಕ್ಕೆ ತಗಲಿದ ಸಿಫಿಲಿಸ್, ಆ ರೋಗದ ಮೂರನೇ ಹಂತ ಅಂತ ಬಹಳ ದಿನ ನಂಬಿದ್ದೆ. ತಪ್ಪು. ಬ್ಯಾಕ್ಟೀರಿಯಾ ಮೊದಲ ವಾರಗಳಲ್ಲೇ ಮೆದುಳುಬಳ್ಳಿಯ ದ್ರವಕ್ಕೆ, ಅಂದರೆ ಸಿಎಸ್‌ಎಫ್‌ಗೆ, ಇಳಿಯಬಲ್ಲದು. ಮೆನಿಂಜೈಟಿಸ್, ಕಣ್ಣು-ಕಿವಿಯ ತೊಂದರೆ ಶುರುವಿನಲ್ಲೇ ಬರಬಹುದು. ದಶಕಗಳು ಹಿಡಿಯುವುದು ಪ್ಯಾರೆಸಿಸ್ (ಮೆದುಳು ಕೆಟ್ಟು ಬುದ್ಧಿ ಕುಂದುವುದು) ಮತ್ತು ಟೇಬಿಸ್ (ಮೆದುಳುಬಳ್ಳಿಯ ಹಿಂಭಾಗ ಹಾಳಾಗುವುದು). ಟೇಬಿಸ್‌ನವರು ಮುಖ ತೊಳೆಯಲು ಕಣ್ಣು ಮುಚ್ಚಿದ ಕೂಡಲೇ ತೂರಾಡುತ್ತಾರೆ. ಕಾಲು ಎಲ್ಲಿದೆ ಅಂತ ಅವರಿಗೆ ಹೇಳುತ್ತಿದ್ದದ್ದು ಕಣ್ಣು ಮಾತ್ರ! ಅವರ ಪಾಪೆ ಹತ್ತಿರದ ಬೆರಳು ನೋಡಿದರೆ ಕಿರಿದಾಗುತ್ತದೆ, ಟಾರ್ಚ್ ಬಿಟ್ಟರೆ ಕದಲುವುದಿಲ್ಲ.

ಈಗ ನಾನು ಮೂರು ಸಲ ಎಡವಿದ ಜಾಗ. ಸಿಫಿಲಿಸ್‌ನಲ್ಲಿ ಹುಟ್ಟುವ ಆ್ಯಂಟಿಬಾಡಿಯನ್ನು ಹುಡುಕುವ ವಿಡಿಆರ್‌ಎಲ್ ಪರೀಕ್ಷೆ ಸಿಎಸ್‌ಎಫ್‌ನಲ್ಲಿ ಪಾಸಿಟಿವ್ ಬಂದರೆ, ದ್ರವದಲ್ಲಿ ರಕ್ತ ಬೆರೆತಿಲ್ಲದಿದ್ದರೆ, ರೋಗ ಹೆಚ್ಚುಕಡಿಮೆ ಖಚಿತ. ನೆಗೆಟಿವ್ ಬಂದರೆ ಮಾತ್ರ ಏನೂ ಹೇಳುವಂತಿಲ್ಲ. ಎಫ್‌ಟಿಎ ಅನ್ನುವ ಇನ್ನೊಂದು ಆ್ಯಂಟಿಬಾಡಿ ಪರೀಕ್ಷೆ ಪೂರ್ತಿ ಉಲ್ಟಾ: ನೆಗೆಟಿವ್ ಬಂದರೆ ರೋಗ ಇರುವ ಸಾಧ್ಯತೆ ಕಡಿಮೆ, ಪಾಸಿಟಿವ್ ಬಂದರೆ ಭರವಸೆ ಇಲ್ಲ.

ಯಾಕೆ ಹೀಗೆ? ರಕ್ತದಲ್ಲಿರುವ ಆ್ಯಂಟಿಬಾಡಿ ಸ್ವಲ್ಪ ಸ್ವಲ್ಪ ಸಿಎಸ್‌ಎಫ್‌ಗೆ ಸೋರುತ್ತಲೇ ಇರುತ್ತದೆ. ಎಫ್‌ಟಿಎಯ ಕಿವಿ ಬಹಳ ಚುರುಕು, ಆ ಸೋರಿಕೆಯ ಪಿಸುಮಾತೂ ಕೇಳಿಸಿಬಿಡುತ್ತದೆ. ಮೆದುಳಿಗೆ ಏನೂ ಆಗಿಲ್ಲದಿದ್ದರೂ ಪಾಸಿಟಿವ್! ವಿಡಿಆರ್‌ಎಲ್‌ಗೆ ಕಿವಿ ಮಂದ. ಗಟ್ಟಿಯಾಗಿ ಕೂಗಿದರಷ್ಟೇ ಕೇಳುತ್ತದೆ. ಅದಕ್ಕೇ ಕೇಳಿಸಿತು ಅಂದರೆ ನಂಬಬಹುದು, ಕೇಳಿಸಲಿಲ್ಲ ಅಂದರೆ ನಂಬಬಾರದು, ಅಲ್ವಾ? ರೋಗಲಕ್ಷಣ ಇದ್ದು, ರಕ್ತಪರೀಕ್ಷೆ ಪಾಸಿಟಿವ್ ಆಗಿ, ಸಿಎಸ್‌ಎಫ್‌ನಲ್ಲಿ ಬಿಳಿ ಕಣ, ಪ್ರೋಟೀನ್ ಜಾಸ್ತಿಯಿದ್ದರೆ ವಿಡಿಆರ್‌ಎಲ್ ನೆಗೆಟಿವ್ ಇದ್ದರೂ ಚಿಕಿತ್ಸೆ ಕೊಡುತ್ತಾರೆ.

ಚಿಕಿತ್ಸೆಯಲ್ಲಿ ಒಂದು ಬಲೆ ಇದೆ. ಮಾಮೂಲಿ ಸಿಫಿಲಿಸ್‌ಗೆ ಸೊಂಟಕ್ಕೆ ಚುಚ್ಚುವ 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್ ಸಿಎಸ್‌ಎಫ್‌ನಲ್ಲಿ ಸಾಕಷ್ಟು ಸೇರುವುದಿಲ್ಲ. ಇಲ್ಲಿ ಬೇಕಾದದ್ದು ರಕ್ತನಾಳಕ್ಕೆ ಕೊಡುವ ಪೆನಿಸಿಲಿನ್ ಜಿ: ದಿನಕ್ಕೆ 1.8ರಿಂದ 2.4 ಕೋಟಿ ಯೂನಿಟ್, ನಾಲ್ಕು ಗಂಟೆಗೊಮ್ಮೆ ಹಂಚಿ, 10ರಿಂದ 14 ದಿನ. 24 ಲಕ್ಷ, 2.4 ಕೋಟಿ ನೋಡಲು ಒಂದೇ ಥರ. ಕಿರುಪರೀಕ್ಷೆಯಲ್ಲಿ ನಾನು ಎರಡೂ ಕಡೆ ಲಕ್ಷ ಅಂತಲೇ ಬರೆದು ಬಂದಿದ್ದೆ.